ಕೆರೆಯ ಮೇಲೆ ಒಂದು ಬುಟ್ಟಿ ಹೊಟ್ಟು

ಬೆಳಿಗ್ಗೆ ಹುಮನಾಬಾದಿನಲ್ಲಿ ಧೋತರ ಒಗೆದೆ, ಹರಿದ ಚೀಲ ಹೊಲಿದೆ, ಎತ್ತುಗಳಿಗೆ ನೀರು ಕುಡಿಸಿದೆ. ಕಲ್ಯಾಣದ ದಾರಿಯಲ್ಲಿ ಒಂದು ಹಳೆಯ ಕೆರೆಯ ಏರಿಯ ಬಳಿ ಊರವರು ನಾನೂ ಜೊತೆಗಾರರೂ ಹೊರಟಿದ್ದ ಗಾಡಿಯನ್ನು ಸಹಾಯಕ್ಕೆಂದು ತಡೆದರು. ಏರಿಯ ಬುಡದಲ್ಲಿ ಕೆಸರುನೀರು ಜಿನುಗುತ್ತಿತ್ತು. ಒಡೆದರೆ ಕೆಳಗಿನ ಮನೆಗಳೆಲ್ಲ ಹೋದಂತೆಯೇ. ಕೆರೆ ಕಾಯುವ ಹುಸೇನಸಾಬರು ಎರಡು ದಿನ ನಿದ್ದೆಗೆಟ್ಟು ಹುಡುಕಿದರೂ ತೂತು ಸಿಕ್ಕಿರಲಿಲ್ಲ. ಕಾಶವ್ವ ಎಂಬ ಮುದುಕಿ ಬಂದು ಒಂದು ಬುಟ್ಟಿ ಜೋಳದ ಹೊಟ್ಟನ್ನು ನೀರಿನ ಮೇಲೆ ಚೆಲ್ಲಿದಳು. ಹೊಟ್ಟು ತೇಲುತ್ತ ಹೋಗಿ ಒಂದೇ ಕಡೆ ಗಿರಗಿರ ತಿರುಗಿ ಒಳಗಿಳಿಯಿತು.

“ತೂತು ಅಲ್ಲಿ ಅದ ನೋಡು ಹುಸೇನಣ್ಣಾ! ನಿನ್ನ ಕಣ್ಣಿಗಿಂತ ನನ್ನ ಹೊಟ್ಟು ಚಲೋ!”

“ಹೌದವ್ವಾ, ನಾಳಿಂದ ಈ ನೌಕರಿ ನೀನ ಮಾಡು!” ಎಂದರು ಸಾಬರು.

ನಗುನಗುತ್ತ ನಾವೂ ನೀರಿಗಿಳಿದು ಆ ತೂತಿಗೆ ಕರಿಮಣ್ಣು, ಹುಲ್ಲು ತುರುಕಿ ತುಳಿದೆವು. ಜಿನುಗು ನಿಂತಿತು. ಏರಿಯ ಮೇಲೆಯೇ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ತುತ್ತು ಕೈಯಲ್ಲಿರುವಾಗಲೇ, ಎಲ್ಲರಿಗಿಂತ ಮೊದಲು ಹುಸೇನಸಾಬರು ನಿದ್ದೆಹೋದರು.