ಮುಜಾಮಿಲ್ ಹಾಕಿದ ಹಾಡು

ಮುಜಾಮಿಲ್‌ನನ್ನು ನಾನು ಮೊದಲು ಕಂಡದ್ದು ರಾವಂದೂರಿನ ನಮ್ಮ ಹೊಸ ಮನೆಗೆ ಅವನು ವೈರ್ ಎಳೆಯಲು ಬಂದ ದಿನ. ಒಂದೇ ಪೆಟ್ಟಿಗೆಯಿಂದ ಎಲ್ಲ ಕೋಣೆಗೂ ಹಾಡು, ಅಡುಗೆಮನೆಗೂ ಟಿ.ವಿ. ಅಂಥ ಕೆಲಸ ಅವನಿಗೆ ಅದೇ ಮೊದಲು. ಇದು ಸರಿಬಂದರೆ ಹಾರನಹಳ್ಳಿಯ ನಮ್ಮ ನಂಟರು ತಮ್ಮ ಮನೆಯನ್ನೂ ಅವನಿಗೇ ಒಪ್ಪಿಸುವವರಿದ್ದರು.

ಗೃಹಪ್ರವೇಶದಲ್ಲಿ ಮೊದಲು ಹಸು ಒಳಗೆ ಬರಬೇಕು. ಅಷ್ಟರಲ್ಲಿ ಮುಜಾಮಿಲ್ ಸ್ವಿಚ್ ಒತ್ತಿದ, ಎಲ್ಲ ಕೋಣೆಯಲ್ಲೂ ಒಟ್ಟಿಗೇ ನಾಗಸ್ವರ ಮೊಳಗಿತು. ನಮ್ಮ ಹಸು ಕೆಂದಿ ಹೊಸಿಲಿನಿಂದಲೇ ಹಿಂದಕ್ಕೆ ಜಿಗಿಯಿತು. ನೋಡಲು ಬಂದಿದ್ದ ಹಾರನಹಳ್ಳಿಯ ನಂಟರು ಮುಖ ಸಿಂಡರಿಸಿದರು.

“ಎಲ್ಲಾ ಆರ್ಸಪ್ಪಾ. ಹಾಲು ಕರೆಯೋವಾಗ ನಾನ್ ಕೇಳೋ ರೇಡಿಯೋನ ಒಳಕೋಣೆಲಿ ಮಾತ್ರ ಆಕು,” ಎಂದೆ.

ಹಾಗೇ ಮಾಡಿದ. ಕೆಂದಿ ಕಿವಿ ನಿಮಿರಿಸಿ ನೆಟ್ಟಗೆ ಒಳಗೆ ನಡೆಯಿತು. ನಂಟರು ನಕ್ಕು ಕೆಲಸ ಕೊಟ್ಟರು.

ಮೊನ್ನೆ ಹಾರನಹಳ್ಳಿಯ ಗೃಹಪ್ರವೇಶದ ದಿನ ಅಲ್ಲಿಂದ ಫೋನ್ ಮಾಡಿದ: “ಅಜ್ಜೀ, ಇವ್ರ ಹಸ ರೇಡಿಯೋನೇ ಕೇಳಿಲ್ವಂತೆ ಕಣ್ರೀ. ಏನಾಕ್ಲಿ?”