ಸಿದ್ರಾಮಣ್ಣ ಹಾಕಿದ ಮಾಳಿಗೆ

ಸಿದ್ರಾಮಣ್ಣ, ನೀವು ಹಾಕಿದ ಮಾಳಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ನಮ್ಮ ಮೀನಿನ ಕೋಣೆಗೆ ಬೂಷ್ಟು ಹಿಡಿಸಿದವಳು ನಾನು — ಬೇಕೆಂದೇ.

ಆಗ ನಾನು ಅರಭಾವಿಗೆ ಹೊಸದಾಗಿ ಸೊಸೆಯಾಗಿ ಬಂದವಳು. ಗೋಕಾಕ ಬಿಟ್ಟು ಹೋಗುತ್ತಿದ್ದ ಸಾಹೇಬನೊಬ್ಬ ನಮ್ಮವರಿಗೆ ಕೆಂಪು ಮೀನುಗಳನ್ನು ಗಾಜಿನ ಪೆಟ್ಟಿಗೆಗಳ ಸಮೇತ ಕೊಟ್ಟಿದ್ದ. ನಮ್ಮದು ಮೀನೆಂದರೆ ಮೂಗು ಮುಚ್ಚುವ ಲಿಂಗವಂತರ ಮನೆ. ಅತ್ತೆ ಅವನ್ನು ಹೊಸ್ತಿಲು ದಾಟಗೊಡಲಿಲ್ಲ. ಗೆಳೆಯನೆಂದು ನೀವೇ ಮೂಡಲಗಿಯಿಂದ ಬಂದು, ಹಿತ್ತಲ ಕೋಣೆಗೆ ತೊಲೆ ಕೂಡಿಸಿ, ಮೇಲೆ ಮಣ್ಣು ಬಡಿದು ಮಾಳಿಗೆ ಹಾಕಿಕೊಟ್ಟಿರಿ. ಸುತ್ತಲ ಊರುಗಳಲ್ಲಿ ನಿಮ್ಮ ಮಾಳಿಗೆಯೆಂದರೆ ಜನ ಕಣ್ಣು ಮುಚ್ಚಿ ನಂಬುತ್ತಿದ್ದ ಕಾಲವದು.

ಹಿರಿಯರೆದುರು ಹೆಂಡತಿಯ ಜೊತೆ ಮಾತಾಡುವ ಪದ್ಧತಿ ಇರಲಿಲ್ಲ. ನಮ್ಮವರು ನನ್ನೊಡನೆ ಆಡಬೇಕಾದದ್ದನ್ನೆಲ್ಲ ಆ ಮೀನುಗಳೊಡನೆ ಆಡುತ್ತಿದ್ದರು! "ಉಂಡಿಯೇನ ನನ್ನ ಬಂಗಾರಾ?" — ಹೊರಗೆ ಪಾತ್ರೆ ತಿಕ್ಕುತ್ತಿದ್ದ ನನಗೆ ಮೈಯೆಲ್ಲ ಉರಿ. ನಗಬೇಡಿ, ಅಣ್ಣ. ಮೀನಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ಸೀಮೆಗೆ ನಾನೊಬ್ಬಳೇ ಇರಬೇಕು.

ಮಳೆ ಬಂದರೆ ಮಾಳಿಗೆ ಹತ್ತಿ ಅದರ ನಡುವಿನ ಬೆಳಕಿಂಡಿ ಮುಚ್ಚುವುದು, ನಿಂತರೆ ತೆಗೆಯುವುದು ಸೊಸೆಯ ಕೆಲಸ. ಆ ಕೋಣೆಗೆ ಗಾಳಿಯಾಡುವ ದಾರಿಯೂ ಅದೊಂದೇ. ನಾನು ಮುಚ್ಚಿದೆ, ತೆಗೆಯಲಿಲ್ಲ. ಅವರು ಹೊಲದಿಂದ ಬಂದು ಕಂದೀಲು ಹಿಡಿದು ಒಳಗೆ ಹೋಗುವಷ್ಟರಲ್ಲಿ ಹೇಗೂ ಕತ್ತಲು — ಯಾರಿಗೂ ತಿಳಿಯಲಿಲ್ಲ. ನೀರಿನ ಪೆಟ್ಟಿಗೆಗಳ ತೇವವೆಲ್ಲ ಒಳಗೇ ಉಳಿಯಿತು. ಗೋಡೆಗೆ ಬೂಷ್ಟು, ತೊಲೆಗೆ ಬೂಷ್ಟು, ಕೊನೆಗೆ ಮೀನಿಗಿಡುವ ಹಿಟ್ಟಿಗೂ. ಆ ಹಿಟ್ಟು ತಿಂದು ಒಂದು ಮೀನು ಸತ್ತೂ ಹೋಯಿತು. ಇನ್ನು ಉಳಿದವನ್ನು ಹೊಳೆಗೆ ಬಿಡುತ್ತಾರೆಂದು ನಾನು ಎಣಿಸಿದ್ದೆ. ಅವರು ನಿಮ್ಮನ್ನು ಕರೆಸಿದರು.

ನೀವು ಬರುವ ಸುದ್ದಿ ತಿಳಿದು ಬೆಳಕಿಂಡಿ ತೆಗೆದಿಟ್ಟಿದ್ದೆ — ಅಷ್ಟು ಜಾಣೆ!

"ಮಣ್ಣ ಹಸಿ ಕುಡದೈತಿ ಸಿದ್ರಾಮ. ನಿನ್ನ ಕೆಲಸಾನ ಸರಿ ಆಗಿಲ್ಲ" ಎಂದು ಅವರು ಸಿಡುಕಿದರು. ನೀವು ತೊಲೆಗಳನ್ನು ಮುಟ್ಟಿ ಮುಟ್ಟಿ ನೋಡಿ, ನನ್ನ ಕಡೆ ತಿರುಗಿದಿರಿ.

"ಬೆಳಕಿಂಡಿ ದಿನಾ ತಗೀತಿದ್ದಿಯೇನ ತಂಗಿ?"

"ಹೂನ್ರಿ ಅಣ್ಣಾರ, ದಿನಾ ತಗೀತೇನ್ರಿ."

"ಹಂಗಾರ ನಂದ ತಪ್ಪ" ಎಂದಿರಿ. ತಂಗಿಯ ಮಾತನ್ನು ನಂಬಿ, ಇಡೀ ಮಾಳಿಗೆ ಕೆದರಿ ಹೊಸ ಮಣ್ಣು ಹಾಕಿದಿರಿ. ನಾನೋ ಹೆದರಿ ಅಂದಿನಿಂದ ತಪ್ಪದೆ ಬೆಳಕಿಂಡಿ ತೆಗೆದೆ. ಕೋಣೆ ಒಣಗಿತು. ಎಲ್ಲರೂ ಹೊಸ ಮಣ್ಣಿನ ಗುಣವೆಂದರು — ನೀವೂ. ಆಮೇಲೆ ಮಾಳಿಗೆಯ ಕೆಲಸವನ್ನೇ ಬಿಟ್ಟು ಕಬ್ಬಿನ ಗಾಣಕ್ಕೆ ದುಡಿಯಲು ಹೋದಿರಿ.

ನನಗಾದರೋ ಒಳ್ಳೆಯದೇ ಆಯಿತು. ಗೋಡೆ ಒರೆಸಲು, ಹಿಟ್ಟು ಬಿಸಿಲಿಗೆ ಹಾಕಲು ಅವರು ನನ್ನನ್ನು ಒಳಗೆ ಕರೆಯತೊಡಗಿದರು. ಅಲ್ಲಿಯೇ ನಮ್ಮ ಮಾತು ಶುರುವಾದದ್ದು, ನಗೆ ಶುರುವಾದದ್ದು. ಈಗ ಆ ಮೀನುಗಳ ಮರಿಮಕ್ಕಳಿಗೆ ನಾನೇ ಉಣಿಸುತ್ತೇನೆ. ಸುಖವಾಗಿದ್ದೇನೆ, ಅಣ್ಣ — ಹೇಳಿಕೊಳ್ಳಲು ನಾಚಿಕೆ, ಆದರೂ ಖರೆ.

ಮೊನ್ನೆ ಪಡಸಾಲೆಯ ಮಾಳಿಗೆ ಹೊಸದು ಮಾಡಿಕೊಡೆಂದು ಅವರು ಕೇಳಿದಾಗ ನೀವು ತಲೆಯಾಡಿಸಿದಿರಿ. "ಬ್ಯಾಡೋ, ನನ್ನ ಕೈ ಕೆಟ್ಟೈತಿ. ಬ್ಯಾರೇದವ್ರನ್ನ ಕರಿ." ರೊಟ್ಟಿ ಬಡಿಯುತ್ತಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಆಗಲೇ ಹೇಳಬೇಕಿತ್ತು —

ಈಗ ಮನಸ್ಸಿನಲ್ಲೇ ಆಡಿಕೊಂಡದ್ದನ್ನೆಲ್ಲ ಸೋಮವಾರ ನೀವು ಊಟಕ್ಕೆ ಬಂದಾಗ ಅವರೆದುರೇ ಹೇಳುತ್ತೇನೆ. ಚಿಕ್ಕ ವಯಸ್ಸಿತ್ತು ಎನ್ನುವುದಿಲ್ಲ. ಇನ್ನು ಮುಂದೆ ನಮ್ಮ ಮನೆಯಲ್ಲಿ ಉಣ್ಣುವುದಿಲ್ಲವೆಂದು ನೀವು ಎದ್ದು ಹೋದರೆ ತಡೆಯುವುದೂ ಇಲ್ಲ. ಆದರೆ ಹೋಗುವ ಮೊದಲು ಇದೊಂದು ಮಾತು ಕೇಳಿಸಿಕೊಂಡು ಹೋಗಿ — ನಿಮ್ಮ ಕೈ ಎಂದೂ ಕೆಟ್ಟಿರಲಿಲ್ಲ, ಅಣ್ಣ.