ಕದಡಿದ ನೀರಿಗೆ ನಾಲ್ಕು ಚಹಾ ಗ್ಲಾಸು

ಕಳೆದ ಸೋಮವಾರ, ಬೆಳಿಗ್ಗೆ ಆರೂವರೆ. ಭಾತಂಬ್ರಾದ ನೀರಿನ ಟಾಕಿ ಬಳಿ ಇದ್ದವರು ಮೂವರು: ನಾನು, ಊರಿಗೆ ನೀರು ಬಿಡುವ ಕಮಲಾಬಾಯಿ, ಎದುರಿನ ಹೋಟೆಲಿನ ಮಸ್ತಾನ್ ಭಾಯಿ.

ಟಾಕಿಯ ನೀರು ಕೆಂಪು ಕೆಸರು. ಬರಗಾಲದಲ್ಲಿ ಟ್ಯಾಂಕರಿನವರು ಕೆರೆಯ ತಳ ಬಳಿದು ತರುತ್ತಾರೆ; ಇನ್ನೇನು ಬಂದೀತು? ಗಂಡ ಪುಣೆಯ ಕಟ್ಟಡ ಕೆಲಸಕ್ಕೆ ಹೋದ ಮೇಲೆ ಅವನ ಕೆಲಸ ಕಮಲಾಬಾಯಿಗೆ ಸಿಕ್ಕಿದೆ. ಸೋಮವಾರ ಸಂಜೆಯೊಳಗೆ ನೀರು ತಿಳಿಯಾಗದಿದ್ದರೆ ಬೇರೆಯವರನ್ನು ಇಡುತ್ತೇವೆ ಎಂದು ಪಂಚಾಯಿತಿ ಮೆಂಬರ್ ಹಿಂದಿನ ದಿನವೇ ಹೇಳಿ ಹೋಗಿದ್ದರು. ಹಾಗಾದರೆ ಆಕೆಯೂ ಪುಣೆಗೆ ಗಂಟು ಕಟ್ಟಬೇಕು. ಅದಕ್ಕೇ ಬೀದರಿನಿಂದ ನನ್ನನ್ನು ಕರೆಸಿದ್ದಳು. (ನಾನು ವಾಟರ್‌ವರ್ಕ್ಸ್‌ನಲ್ಲಿ ದುಡಿದು ರಿಟೈರ್ ಆದವನು.)

ನಾನು ಕಾಲಿಟ್ಟಾಗ, ಕೆಸರನ್ನು ತಳಕ್ಕೆ ಇಳಿಸುವ ಆಲಂ ಪುಡಿಯ ಬಕೆಟ್ಟಿಗೇ ಬ್ಲೀಚಿಂಗ್ ಪೌಡರ್ ಸುರಿಯುವುದರಲ್ಲಿದ್ದಳು.

“ತಡಿ! ಎರಡೂ ಕೂಡ್ಸಬ್ಯಾಡವ್ವ, ವಿಷದ ಗಾಳಿ ಏಳ್ತದ!”

“ಎರಡೂ ನೀರಿಗೇ ಹಾಕೋದು ಅಲ್ರಿ ಕಾಕಾ?”

“ಮದಲ ಆಲಂ. ನೀರು ತಿಳಿಯಾದ ಮ್ಯಾಲ ಬ್ಲೀಚಿಂಗ್, ಬ್ಯಾರೆ ಬಕೆಟ್‌ನ್ಯಾಗ.”

ಆಕೆಯ ಪ್ರಶ್ನೆ ತಪ್ಪಲ್ಲ. ಆಲಂ ಎಂದರೆ ಕಟಿಂಗ್ ಅಂಗಡಿಯವರು ಗಡ್ಡದ ಗಾಯಕ್ಕೆ ತಿಕ್ಕುವ ತುರಟಿಯ, ಅಂದರೆ ಪಟಿಕದ, ಬಳಗ. ಕಾಗದದ ಕಾರ್ಖಾನೆ, ಬಟ್ಟೆಗೆ ಬಣ್ಣ ಹಾಕುವವರು, ಚರ್ಮ ಹದ ಮಾಡುವವರು, ಎಲ್ಲರಿಗೂ ಬೇಕು. ಇಷ್ಟು ಪರಿಚಯದ ವಸ್ತುವಿಗೆ ಯಾರು ಹೆದರುತ್ತಾರೆ? ಆದರೆ ಪುಡಿ ಕಣ್ಣಿಗೆ ಹಾರಿದರೆ ಉರಿ ತಡೆಯಲಾಗದು. ಮುಖಕ್ಕೆ ಸೆರಗು ಸುತ್ತಿಸಿದೆ, ಕೈಗೆ ರಬ್ಬರ್ ಗ್ಲೌಸ್ ಹಾಕಿಸಿದೆ, ನನ್ನ ಬೈಕಿನ ಕನ್ನಡಕ ಕೊಟ್ಟೆ.

ಅಳತೆ ನೋಡಲು ಮಸ್ತಾನ್ ಭಾಯಿಯಿಂದ ನಾಲ್ಕು ಗಾಜಿನ ಗ್ಲಾಸು ಇಸಿದುಕೊಂಡೆ.

“ಚಾಯ್ ಗ್ಲಾಸಿನ್ಯಾಗ ಕೆಸರು ತುಂಬ್ತೀರೇನ್ರಿ ಸಾಬ್?”

“ನಿನ್ನ ಚಹಾಕ್ಕೂ ಇದಕ್ಕೂ ಭಾಳ ಫರಕ್ ಇಲ್ಲ ಬಿಡಪಾ.”

ನಾಲ್ಕಕ್ಕೂ ಟಾಕಿ ನೀರು ತುಂಬಿ, ಕರಗಿಸಿದ ಆಲಂ ಅನ್ನು ಒಂದಕ್ಕಿಂತ ಒಂದಕ್ಕೆ ಹೆಚ್ಚು ಹಾಕಿದೆವು. ಕಮಲಾಬಾಯಿ ಮಜ್ಜಿಗೆ ಕಡೆದಂತೆ ತಿರುವಿದ್ದೇ ತಿರುವಿದ್ದು. ಮೈಮುರಿದು ದುಡಿಯುವವರೇ ಮಾಡುವ ತಪ್ಪು ಇದು! ಮೊದಲು ಜೋರು, ಆಮೇಲೆ ನಿಧಾನ, ಆಮೇಲೆ ಕೈ ತೆಗೆದುಬಿಡಬೇಕು. ಆಲಂ ಹಿಡಿದು ಉಂಡೆಯಾಗಿ ಕೂಡಿಕೊಂಡ ಕೆಸರು ಒಡೆದರೆ ಮತ್ತೆ ಮೊದಲಿನಿಂದ.

“ಸುಮ್ನ ಕೂಡವ್ವ.”

“ಸುಮ್ನ ಕೂತ್ರ ಪಗಾರ ಯಾರ್ ಕೊಡ್ತಾರ್ರಿ?”

ಅರ್ಧ ಗಂಟೆಗೆ ಎರಡನೆಯ ಗ್ಲಾಸು ತಿಳಿಯಾಯಿತು. ಎಲ್ಲಕ್ಕಿಂತ ಹೆಚ್ಚು ಆಲಂ ಬಿದ್ದ ನಾಲ್ಕನೆಯದು ಇನ್ನೂ ಮಬ್ಬು.

“ಅಯ್ಯ, ಜಾಸ್ತಿ ಹಾಕಿದ್ದೇ ಕೆಟ್ಟದ ನೋಡ್ರಿ! ನಾ ದಿನಾ ಚೀಲ ಬೋರಲು ಹಾಕ್ತಿದ್ದೆ.”

ಎರಡನೆಯ ಗ್ಲಾಸಿನ ಲೆಕ್ಕದಲ್ಲೇ ಟಾಕಿಗೆ ಹಾಕಿ, ಬಿದಿರಿನ ಗಳದಿಂದ ತಿರುವಿದೆವು; ಮಧ್ಯಾಹ್ನದವರೆಗೆ ಯಾರೂ ಮುಟ್ಟಲಿಲ್ಲ. ಆಮೇಲೆ ಬ್ಲೀಚಿಂಗ್. ಸಂಜೆ ಐದಕ್ಕೆ ಮೆಂಬರ್ ಬಂದು ಬಗ್ಗಿ ನೋಡಿದರು. ಟಾಕಿಯ ಒಳಗಿನ ತಳದ ಮೆಟ್ಟಿಲೂ ಕಾಣುತ್ತಿತ್ತು.

“ನಾಳಿಂದನೂ ನೀನೇ ಬಿಡವ್ವ ನೀರು,” ಎಂದರು.

ಒಂದು ಕೆಲಸವನ್ನು ಸರಿಯಾಗಿ ಕಲಿಸಿದರೆ ಒಂದು ಮನೆ ಊರಲ್ಲೇ ಉಳಿಯುತ್ತದೆ ಎಂದರೆ, ನಮ್ಮಂಥ ರಿಟೈರ್ಡ್ ಮಂದಿ ಮನೆಯಲ್ಲೇಕೆ ಕೂತಿದ್ದೇವೆ?

ಸಂಜೆ ಆರೂವರೆಗೆ ಆಲಂ ಚೀಲವನ್ನು ಒಣ ಹಲಗೆಯ ಮೇಲಿಟ್ಟು, ಬ್ಲೀಚಿಂಗ್ ಡಬ್ಬಿಯನ್ನು ಬೇರೆ ಕೋಣೆಗೆ ಸಾಗಿಸಿ ಬೀಗ ಹಾಕಿದೆವು. ಹೋಗುವಾಗ ಮೆಂಬರಿಗೆ ಕೊಡಲೆಂದು ಕೀಲಿಗೆ ಕೈ ಚಾಚಿದೆ. ಕಮಲಾಬಾಯಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು:

“ನನ್ನ ಕಡೀನೇ ಇರ್ಲಿ ಬಿಡ್ರಿ ಕಾಕಾ.”